ಹೊಲದ ಮಳೆ ಅಳೆಯಲು ಯಾವುದು ಒಳ್ಳೆಯದು: ಡಬ್ಬಿ, ಫೈಬರ್, ಎಲೆಕ್ಟ್ರಾನಿಕ್?

ಗದಗ ಕಡೆ ಎರೆ ಹೊಲ ಇರುವವರಿಗೆ ಹತ್ತು ಮಿಲಿಮೀಟರ್ ಹೆಚ್ಚುಕಮ್ಮಿ ಸಣ್ಣ ಮಾತಲ್ಲ. ಹಿಂಗಾರಿ ಕಡಲೆ ಬಿತ್ತೋಣವೋ, ಇನ್ನೊಂದು ಮಳೆ ಕಾಯೋಣವೋ ಅನ್ನೋದು ಅದರ ಮೇಲೇ ನಿಂತಿರುತ್ತದೆ. ಅದಕ್ಕೇ ಸ್ಟೀಲ್ ಡಬ್ಬಿ, ಫೈಬರ್ ಮಳೆಮಾಪಕ (ಕೂಡಿದ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡುವಂಥದ್ದು), ಎಲೆಕ್ಟ್ರಾನಿಕ್ ಮಾಪಕ, ಮೂರನ್ನೂ ಒಂದೇ ಹೊಲದಲ್ಲಿ ಇಟ್ಟು ನೋಡಿದೆ.

ಸ್ಟೀಲ್ ಡಬ್ಬಿ ದೊಡ್ಡ ಮಳೆಗೆ ಅಡ್ಡಿಯಿಲ್ಲ, ಸ್ಕೇಲ್ ಇಳಿಸಿದರೆ ಅಂದಾಜು ಸಿಗುತ್ತದೆ. ಆದರೆ ಬಾಯಿ ತೆರೆದೇ ಇರೋದರಿಂದ ಬಿಸಿಲಿಗೆ ನೀರು ಆರುತ್ತದೆ, ಜಿಟಿಜಿಟಿ ಮಳೆಯಂತೂ ಗೋಡೆಗೆ ಅಂಟಿಕೊಂಡೇ ಮುಗಿಯುತ್ತದೆ.

ಎಲೆಕ್ಟ್ರಾನಿಕ್‌ನಲ್ಲಿ ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಜೋರಾಗಿ ಬಂತು ಎಲ್ಲ ಗೊತ್ತಾಗುತ್ತದೆ. ಒಳಗಿನ ಪುಟ್ಟ ಬುಟ್ಟಿ ತುಂಬಿ ಒಮ್ಮೆ ಮಗುಚಿದರೆ ನನ್ನದರಲ್ಲಿ 0.2 ಮಿ.ಮೀ. ಲೆಕ್ಕ. ತೊಂದರೆ ಇರೋದೂ ಅಲ್ಲೇ. ರಪರಪ ಹೊಡೆಯುವ ಮಳೆಯಲ್ಲಿ ಬುಟ್ಟಿ ಮಗುಚುವ ಆ ಚೂರು ಹೊತ್ತಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ಅಷ್ಟು ಲೆಕ್ಕಕ್ಕೆ ಬರೋದಿಲ್ಲ, ಹಾಗಾಗಿ ಜೋರು ಮಳೆಗೆ ಯಾವಾಗಲೂ ಫೈಬರ್‌ಗಿಂತ ಕಡಿಮೆಯೇ ತೋರಿಸಿತು. ಹೆಸರು ಒಕ್ಕುವ ದಿನಗಳಲ್ಲಿ ಇನ್ನೊಂದು ಕಂಡೆ: ಮಳೆ ನಿಂತು ಬಿಸಿಲು ಬಿದ್ದರೂ ಪರದೆ ಮೇಲೆ 0.2, 0.2 ಅಂತ ಏರುತ್ತಲೇ ಇತ್ತು. ಬಿಚ್ಚಿ ನೋಡಿದರೆ ಆಲಿಕೆಯ ತೂತಿಗೆ ಹೊಟ್ಟು, ಜೇಡರ ಬಲೆ ಎಲ್ಲ ಸೇರಿ ಬಿರಡೆ ಬಡಿದಂತೆ ಆಗಿತ್ತು. ನೀರು ಒಂದೊಂದೇ ಹನಿ ಇಳಿಯುತ್ತಿತ್ತು.

ಫೈಬರ್ ಮಾಪಕಕ್ಕೆ ಈ ಗೋಜಿಲ್ಲ. ಬಾಯಿ 200 ಚದರ ಸೆಂ.ಮೀ., ಅಂದರೆ 20 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಅಳತೆ ಗ್ಲಾಸು ಒಡೆದರೂ ಮಿ.ಲೀ. ಗುರುತಿರುವ ಯಾವ ಜಾಡಿಯಾದರೂ ನಡೆಯುತ್ತದೆ. 100 ಚದರ ಸೆಂ.ಮೀ. ಬಾಯಿಯದೂ ಬರುತ್ತದೆ, ಅದರ ಗ್ಲಾಸು ಇದಕ್ಕೆ ಬಳಸಿದರೆ ಮಳೆ ಎರಡು ಪಟ್ಟು ತೋರಿಸುತ್ತದೆ, ಹುಷಾರು. ದಿನಾ ಬೆಳಿಗ್ಗೆ 8:30ಕ್ಕೆ ಯಾರಾದರೂ ಹೋಗಿ ನೋಡಲೇಬೇಕು, ಅದೊಂದೇ ಕಷ್ಟ.

ಇನ್ನು ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ಹಾಕಿಲ್ಲ ಅಲ್ವಾ! ಆಷಾಢದಲ್ಲಿ ಹನಿ ನೆಟ್ಟಗೆ ಬೀಳೋದೇ ಇಲ್ಲ, ಮಾಪಕದ ಬಾಯಿ ಮೇಲಿಂದ ಹಾರಿಹೋಗುತ್ತದೆ. ಮೂರಕ್ಕೂ ಇದೇ ಪಾಡು. ಮಾಳಿಗೆ ಮೇಲೆ ಗಾಳಿಯ ಹೊಡೆತ ಇನ್ನೂ ಜಾಸ್ತಿ, ಅಲ್ಲಿ ಇಡಲೇಬೇಡಿ.

ನಾನಾದರೆ ಫೈಬರ್‌ಗೇ ದುಡ್ಡು ಹಾಕ್ತೀನಿ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಟ್ಟಸವಾಗಿರಲಿ, ಮರ ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ ಇರಲಿ. ಎಲೆಕ್ಟ್ರಾನಿಕ್ ಬೇಕೆನಿಸಿದರೆ ಫೈಬರ್ ಪಕ್ಕದಲ್ಲೇ ಇಡಿ, ಮಳೆಯ ಹೊತ್ತು ಅದರಲ್ಲಿ ನೋಡಿ, ಒಟ್ಟು ಮಳೆ ಫೈಬರ್‌ನಲ್ಲಿ.