ಹಸಿರು ಕಿಂಡಿಯನ್ನು ನಂಬಿ ಕೆಟ್ಟೆ

ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಲೈನಿನಲ್ಲಿ ದಿಢೀರನೆ ಏರಿ ಬರುವ ವೋಲ್ಟೇಜ್, ಅಂದರೆ ಸರ್ಜ್, ತಡೆಯುವ ಸಾಧನ) ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂದುಕೊಂಡವರು ಇದನ್ನು ಓದಿದ ಮೇಲೆ ಡಿಬಿ ಬಾಕ್ಸ್ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ಮುಚ್ಚಳ ಬಿಚ್ಚಿಸಿ ನೋಡಿ. ನೀವೇ ಬಿಚ್ಚಬೇಡಿ, ಬಲ್ಲವರನ್ನು ಕರೆಯಿರಿ. ನಾನು ಒಂದೂವರೆ ವರ್ಷ ಬಿಚ್ಚಿಸಲಿಲ್ಲ.

ಮೊನ್ನೆಯ ಗುಡುಗು ಮಳೆಗೆ ಟಿವಿ, ರೂಟರ್, ವಾಷಿಂಗ್ ಮಷಿನ್‌ನ ಬೋರ್ಡ್ ಮೂರೂ ಒಂದೇ ಪೆಟ್ಟಿಗೆ ಹೋದವು. ಸಿಡಿಲು ಮನೆಗೆ ಬಡಿದದ್ದಲ್ಲ, ದೂರದಲ್ಲೆಲ್ಲೋ ಬಿದ್ದು ಲೈನ್ ಹಿಡಿದು ಒಳಗೆ ಬಂದದ್ದು. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಬೀಳಲೂ ಇಲ್ಲ. ಸರ್ಜ್ ಮೈಕ್ರೊಸೆಕೆಂಡುಗಳಲ್ಲಿ ಬಂದು ಹೋಗುತ್ತದೆ. ಎಂಸಿಬಿ ಕದಲಲು ಮಿಲಿಸೆಕೆಂಡುಗಳಾದರೂ ಬೇಕು.

ಓಡಿಹೋಗಿ ಪ್ರೊಟೆಕ್ಟರ್ ನೋಡಿದೆ. ಅದರ ಸ್ಥಿತಿ ತೋರಿಸುವ ಪುಟ್ಟ ಕಿಂಡಿ ಹಸಿರು! "ಹಸಿರು ಇರುವವರೆಗೆ ನಿಶ್ಚಿಂತೆಯಿಂದ ಮಲಗಿ ಸರ್, ಕೆಂಪಾದರೆ ಫೋನ್ ಮಾಡಿ" ಎಂದಿದ್ದ, ಹಾಕಿಕೊಟ್ಟವನು. ಮನೆಗೆ ಬಂದ ನೆಂಟರಿಗೆಲ್ಲ ಆ ಹಸಿರನ್ನು ತೋರಿಸಿ ಬೀಗಿದವನು ನಾನು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಫೋನ್ ಮಾಡಿದೆ.

"ಹಸಿರು ಇದೆಯಲ್ಲ ಸರ್, ಅಂದರೆ ಸರ್ಜ್ ಬಂದೇ ಇಲ್ಲ."

ಹಾಗಾದರೆ ಟಿವಿ?

"ಹಳೆಯದಿರಬೇಕು."

ರೂಟರ್? ವಾಷಿಂಗ್ ಮಷಿನ್? ಮೂರೂ ಅದೇ ಕ್ಷಣಕ್ಕೆ ಹಳೆಯದಾದವೇ? ಆಗ ಧಾಟಿ ಬದಲಾಯಿತು. "ವಾರಂಟಿ ಕಾರ್ಡಿನ ಹಿಂಬದಿ ಓದಿ ಸರ್. ಸಿಡಿಲಿನಿಂದಾದ ಹಾನಿಗೆ ವಾರಂಟಿ ಇಲ್ಲ." ಓದಿದೆ. ನಿಜವಾಗಿಯೂ ಹಾಗೆಯೇ ಇದೆ. ಸಿಡಿಲಿಗೆಂದೇ ಮಾರಿದ ಸಾಮಾನಿಗೆ ಸಿಡಿಲೊಂದನ್ನು ಬಿಟ್ಟು ವಾರಂಟಿ. ಕೊಡೆ ಕೊಟ್ಟು, ಮಳೆಯಲ್ಲಿ ಬಿಚ್ಚಬೇಡಿ ಎಂದ ಹಾಗಾಯಿತು.

ಬೇರೆ ಎಲೆಕ್ಟ್ರಿಷಿಯನ್ ಬಂದು, ಮೈನ್ ಆಫ್ ಮಾಡಿ, ಮುಚ್ಚಳ ಬಿಚ್ಚಿದರು. ಪ್ರೊಟೆಕ್ಟರ್‌ನ ಅರ್ಥ್ ಟರ್ಮಿನಲ್‌ನಿಂದ ಹೊರಟ ಹಸಿರು ತಂತಿ ನೀಟಾಗಿ ಎರಡು ಸುತ್ತು ಸುತ್ತಿಕೊಂಡು ಉಳಿದ ವೈರುಗಳ ಹಿಂದೆ ಮರೆಯಾಗಿತ್ತು. ಅವರು ಬೆರಳಿನಿಂದ ಎಳೆದರು. ಬಂದುಬಿಟ್ಟಿತು. ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ. ಸಡಿಲವಾಗಿ ಕಳಚಿದ್ದಲ್ಲ, ತುದಿಯ ಹೊದಿಕೆಯನ್ನು ಸುಲಿದೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಏನೂ ಹೇಳದೆ ನನ್ನ ಮುಖ ನೋಡಿದರು. ಆ ನೋಟವೇ ಸಾಕಾಗಿತ್ತು.

ವೋಲ್ಟೇಜ್ ಏರಿದಾಗ ಪ್ರೊಟೆಕ್ಟರ್ ಒಳಗಿನ ವೇರಿಸ್ಟರ್ ಎಂಬ ಬಿಡಿಭಾಗ ದಾರಿ ತೆರೆದು ಕರೆಂಟನ್ನು ಅರ್ಥ್‌ಗೆ ಇಳಿಸಬೇಕು. ನಮ್ಮಲ್ಲಿ ಇಳಿಯಲು ಅರ್ಥ್ ಇಲ್ಲ. ಕಿಂಡಿ ಹೇಳುವುದು ವೇರಿಸ್ಟರ್ ಇನ್ನೂ ಕೆಟ್ಟಿಲ್ಲ ಎಂಬುದನ್ನಷ್ಟೇ. ಅರ್ಥ್ ಸೇರಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಕೆಲಸವೇ ಮಾಡದವನು ದಣಿಯುವುದಾದರೂ ಹೇಗೆ? ಹಸಿರಾಗಿಯೇ ಇತ್ತು.

ಫೋಟೋ ಕಳುಹಿಸಿದೆ. ಉತ್ತರ ಬಂತು: "ಇಲಿ ಎಳೆದಿರಬೇಕು ಸರ್."

ಇಲಿ! ತಂತಿಯನ್ನು ಎರಡು ಸುತ್ತು ಸುತ್ತಿಟ್ಟು, ತುದಿಗೆ ಹೊದಿಕೆಯನ್ನೂ ತೊಡಿಸಿ ಹೋದ ಇಲಿ.

ಹಾಕಿಸುವವರು ಅರ್ಥ್ ತಂತಿಯನ್ನು ಕಣ್ಣೆದುರೇ ಬಿಗಿಸಿಕೊಳ್ಳಿ, ಅರ್ಥಿಂಗ್ ಅಳೆದು ತೋರಿಸಲು ಹೇಳಿ. ಪ್ರೊಟೆಕ್ಟರ್‌ನ ತಂತಿಗಳೆಲ್ಲ ಸೇರಿ ಅರ್ಧ ಮೀಟರ್ ಮೀರದಿರಲಿ, ಸುತ್ತಿಡಲಂತೂ ಬಿಡಬೇಡಿ. ಜೋರು ಸರ್ಜ್‌ನಲ್ಲಿ ಒಂದು ಮೀಟರ್ ತಂತಿಯೇ ಉಪಕರಣಗಳಿಗೆ ತಲುಪುವ ವೋಲ್ಟೇಜಿಗೆ ಸಾವಿರ ವೋಲ್ಟಿನಷ್ಟು ಸೇರಿಸಿಬಿಡುತ್ತದೆ. ಕೇಬಲ್, ನೆಟ್‌ವರ್ಕ್ ವೈರುಗಳಿಂದಲೂ ಸರ್ಜ್ ನುಗ್ಗುತ್ತದೆ, ಅವಕ್ಕೆ ಬೇರೆ ರಕ್ಷಣೆ ಬೇಕು. ಇದನ್ನೂ ಅವನು ಹೇಳಿರಲಿಲ್ಲ. ಸ್ಟೆಬಿಲೈಸರ್ ಇದೆ, ಸಾಕು ಎನ್ನುವವನನ್ನು ಬಾಗಿಲಿನಿಂದಲೇ ಕಳುಹಿಸಿ.

ಇಲಿಯ ಸಂದೇಶಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ. ಸುಲಿಯದ ತುದಿಯ ಆ ತಂತಿಯನ್ನು ಮಾತ್ರ ವಾರಂಟಿ ಕಾರ್ಡಿನ ಜೊತೆಗೆ ಎತ್ತಿಟ್ಟಿದ್ದೇನೆ.