ಎಕೋ ಸೊನ್ನೆಗೆ ಇಳಿಸಿದ ಮೇಲೆ: ಕರೋಕೆ ಮೈಕ್ ಜೊತೆ ಎರಡೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಂಠ ಚೆನ್ನಾಗಿಲ್ಲ. ಏಳನೇ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡುವ ಗುಂಪಿಗೆ ಸೇರಿದ್ದೆ. ಮೂರನೇ ದಿನ ಮೇಷ್ಟ್ರು ಪಕ್ಕಕ್ಕೆ ಕರೆದು, 'ನೀನು ಬಾಯಿ ಆಡಿಸಪ್ಪ, ಸಾಕು' ಅಂದರು. ವರ್ಷಪೂರ್ತಿ ಬಾಯಿ ಆಡಿಸಿದೆ. ಆಮೇಲೆ ಮೂವತ್ತು ವರ್ಷ ಬಚ್ಚಲುಮನೆಯೇ ಗತಿ. ಹಾಗಾಗಿ ಚೆನ್ನಾಗಿ ಹಾಡುವವರು ಇದನ್ನು ಓದಿ ಟೈಮ್ ಕಳೆಯಬೇಡಿ.

ಎರಡೂವರೆ ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 850 ರೂಪಾಯಿ ಕೊಟ್ಟು ಬ್ಲೂಟೂತ್ ಕರೋಕೆ ಮೈಕ್ ತರಿಸಿದೆ. ಮೇಲೆ ಜಾಲರಿ ಗುಂಡು, ಅದರ ಕೆಳಗೆ ಸ್ಪೀಕರ್, ಹಿಡಿಯೊಳಗೆ ಬ್ಯಾಟರಿ. ಜಾತ್ರೆಯಲ್ಲಿ ಮಕ್ಕಳ ಕೈಲಿ ನೋಡಿರುತ್ತೀರಲ್ಲ, ಅದೇ. ನಾನು ಕೇಳಿದ್ದು ಕಪ್ಪು, ಬಂದದ್ದು ಬಂಗಾರದ ಬಣ್ಣ. ವಾಪಸ್ ಕಳಿಸುವಷ್ಟು ತಾಳ್ಮೆ ಇರಲಿಲ್ಲ, ಆವತ್ತೇ ಹಾಡಬೇಕಿತ್ತು.

ಮೊದಲ ಆರು ತಿಂಗಳು ಎಕೋದ ಕಾಲ. ಅದನ್ನು ಪೂರ್ತಿ ತಿರುಗಿಸಿದರೆ ನಾನೇ ಬೇರೆ ಮನುಷ್ಯ! ಎಕೋ ಮಾಡುವುದಿಷ್ಟೇ: ನಿಮ್ಮ ದನಿಯನ್ನೇ ಒಂದು ಚೂರು ತಡಮಾಡಿ ಮತ್ತೆ ಮತ್ತೆ ಕೇಳಿಸುತ್ತದೆ. ಜಾರಿದ ಸ್ವರ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನಮ್ಮ ದಾವಣಗೆರೆಯವರಿಗೆ ಗೊತ್ತಾಗುವ ಹಾಗೆ ಹೇಳಬೇಕೆಂದರೆ, ಸೀದ ದೋಸೆ ಮೇಲೆ ಬೆಣ್ಣೆ ಮುದ್ದೆ ಇಟ್ಟ ಹಾಗೆ.

ಒಂದು ಭಾನುವಾರ ಮಗಳು ಸದ್ದಿಲ್ಲದೆ ಎಕೋ ಇಳಿಸಿ, ನಾನು ಹಾಡಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಯಾರಿದು ಅಂತ ಕೇಳಿದೆ, ಸುಮ್ನೆ ತಮಾಷೆಗಲ್ಲ. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳುತ್ತದೆ, ಅದಕ್ಕೇ ಒಳಗೆ ತುಂಬಿದ ಹಾಗಿರುತ್ತದೆ. ರೆಕಾರ್ಡಿನಲ್ಲಿ ಇರುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಅಂದರೆ ಮನೆಯವರೆಲ್ಲ ಆರು ತಿಂಗಳು ಕೇಳಿದ್ದು ಅದನ್ನೇ. ಪಾಪ. ಎರಡು ದಿನ ಮೈಕ್ ಮುಟ್ಟಲಿಲ್ಲ. ಮೂರನೇ ದಿನ ಬಾಯಿ ತಡೆಯಲಿಲ್ಲ, ಮುಟ್ಟಿದೆ. ಆವತ್ತಿನಿಂದ ಎಕೋ ಸೊನ್ನೆ.

ಎಕೋ ಇಲ್ಲದೆ ಹಾಡಿದಾಗಲೇ ಗೊತ್ತಾಗಿದ್ದು, ಅರ್ಧ ತಪ್ಪು ಕಂಠದ್ದಲ್ಲ, ಶ್ರುತಿಯದ್ದು. ಟ್ರ್ಯಾಕ್‌ಗಳು, ಅಂದರೆ ಗಾಯಕರ ದನಿ ಇಲ್ಲದ ಬರೀ ವಾದ್ಯದ ಹಾಡುಗಳು, ಸಾಮಾನ್ಯವಾಗಿ ಮೂಲ ಗಾಯಕರ ಶ್ರುತಿಯಲ್ಲೇ ಇರುತ್ತವೆ. ಪಲ್ಲವಿ ಹೇಗೋ ದಾಟುತ್ತೇನೆ, ಚರಣದಲ್ಲಿ ದನಿ ಮೇಲೇರುವಾಗ ಕತ್ತಿನ ನರ ಉಬ್ಬುತ್ತದೆ. ಕರೋಕೆ ಆ್ಯಪ್‌ನಲ್ಲಿ ಶ್ರುತಿ ಇಳಿಸಬಹುದು. ಒಂದು ಸ್ಥಾಯಿಯಲ್ಲಿ, ಅಂದರೆ 'ಸ'ದಿಂದ ಮೇಲಿನ 'ಸ'ವರೆಗೆ, 12 ಮೆಟ್ಟಿಲು ಅಂತ ಇಟ್ಟುಕೊಳ್ಳಿ. ನಾನು ಎರಡೋ ಮೂರೋ ಇಳಿಸುತ್ತೇನೆ. ಇನ್ನೂ ಇಳಿಸಿದರೆ ವಾದ್ಯಗಳಿಗೇ ನೆಗಡಿ ಬಂದ ಹಾಗೆ ಕೇಳುತ್ತದೆ. ಪಿ.ಬಿ. ಶ್ರೀನಿವಾಸ್ ಹಾಡುಗಳಿಗೆ ಹೆಚ್ಚಾಗಿ ಇದೂ ಬೇಕಿಲ್ಲ, ಆ ಮೆಲುದನಿಯ ಎತ್ತರ ನನಗೆ ಸರಿಹೋಗುತ್ತದೆ. ಎಸ್. ಜಾನಕಿ ಹಾಡುಗಳು ಈಗಲೂ ಬಚ್ಚಲುಮನೆಗೇ.

ಈಗ ದೂರುಗಳು. ಜಾಲರಿಯನ್ನು ಅಂಗೈಲಿ ಮುಚ್ಚಿ ಹಿಡಿದರೆ ಕುಂಯ್ ಅಂತ ಕೂಗುತ್ತದೆ, ಹಿಡಿಯನ್ನಷ್ಟೇ ಹಿಡಿಯಿರಿ. ಮಕ್ಕಳ ದನಿ ಮಾಡುವ ಗುಂಡಿ ಇದೆ, ಒಂದು ಸಲ ಒತ್ತಿ ನಕ್ಕೆವು, ಅಷ್ಟೇ. ಬ್ಲೂಟೂತ್‌ನಲ್ಲಿ ಟ್ರ್ಯಾಕ್ ಸ್ವಲ್ಪ ತಡವಾಗಿ ಬರುತ್ತದೆ. ಸುಮ್ಮನೆ ಹಾಡುವಾಗ ತೊಂದರೆಯಿಲ್ಲ, ಆದರೆ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದರೆ ನಾನು ತಾಳಕ್ಕಿಂತ ಒಂದು ಹೆಜ್ಜೆ ಹಿಂದೆ. ತಿಂಗಳುಗಟ್ಟಲೆ ನನ್ನ ತಾಳಜ್ಞಾನವನ್ನೇ ಬೈದುಕೊಂಡೆ. ಆಮೇಲೆ ವೈರ್ ಹಾಕಿದೆ, ಸರಿಹೋಯಿತು.

ಗಾಳಿಗೂ ಇದಕ್ಕೂ ಆಗಲ್ಲ. ಆಷಾಢದಲ್ಲಿ ಚಿತ್ರದುರ್ಗದ ಅಕ್ಕನ ಮನೆಗೆ ಹೋಗಿದ್ದಾಗ ಟೆರೇಸ್ ಮೇಲೆ ಹಾಡಲು ನಿಂತೆ. ಹಾಡಿಗಿಂತ ಬುಸ್ ಬುಸ್ ಸದ್ದೇ ಜಾಸ್ತಿ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಅಕ್ಕ ಕರ್ಚೀಫ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟಳು. ಈಗಲೂ ಹಾಗೇ ಇದೆ. ಉಗುಳೂ ಒಳಗೆ ಹೋಗಲ್ಲ.

ಒಂದೂವರೆ ವರ್ಷಕ್ಕೆ ಚಾರ್ಜ್ ಅರ್ಧ ಗಂಟೆಗೆ ಇಳಿಯಿತು. ಹಿಡಿಯ ತುದಿ ತಿರುಗಿಸಿ ಬಿಚ್ಚಿದರೆ ಒಳಗೆ 18650 ಅನ್ನುವ ಲಿಥಿಯಂ ಸೆಲ್. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿದೆ, ಈಗ ಮತ್ತೆ ಮೂರು ಗಂಟೆ ಬರುತ್ತದೆ. ಚಾರ್ಜಿಂಗ್ ಪಿನ್ ಮಾತ್ರ ಅಲ್ಲಾಡುತ್ತದೆ. ವೈರ್ ಕೆಳಗೆ ಬೆಂಕಿಪೆಟ್ಟಿಗೆ ಇಟ್ಟರೆ ನಿಲ್ಲುತ್ತದೆ.

ಅಮ್ಮ 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಅನ್ನುತ್ತಾಳೆ. ನಮ್ಮ ಓಣಿಯಲ್ಲಿ ಗಾದೆಯ ಮೊದಲರ್ಧ ನನ್ನದು, ಉಳಿದದ್ದು ಪಕ್ಕದ ಮನೆಯವರದು. ಅವರ ಜೊತೆ ಒಪ್ಪಂದ ಆಗಿದೆ. ಸಂಜೆ ಏಳರಿಂದ ಏಳೂವರೆ, ಕಿಟಕಿ ಹಾಕಿಕೊಂಡು. ಪರೀಕ್ಷೆ ದಿನಗಳಲ್ಲಿ ರಜೆ. ಶನಿವಾರ ಮಂಡಕ್ಕಿ, ಮಿರ್ಚಿ ತಂದಾಗ ಅವರ ಮಗ ಈ ಕಡೆ ಬಂದು ಎರಡು ಹಾಡು ಹಾಡುತ್ತಾನೆ. ಅವನದೂ ನನ್ನ ಥರದ್ದೇ ಕಂಠ.

ಇದು ಕೆಟ್ಟರೆ ಇನ್ನೊಂದು ಕೊಳ್ಳುತ್ತೇನೆ, ಟೈಪ್-ಸಿ ಪಿನ್ ಇರುವುದು. ನನ್ನ ಲೆಕ್ಕಕ್ಕೆ ಐದಕ್ಕೆ ಮೂರೂವರೆ ಸ್ಟಾರ್. ಪಕ್ಕದ ಮನೆಯವರು ಒಂದೂವರೆ ಅಂದರು.