ದೋಣಿಯ ಗ್ಯಾಲಿಯಲ್ಲಿ (ಅಡುಗೆಕೋಣೆಯಲ್ಲಿ) ಟೋಸ್ಟ್: ಎರಡು ಪದರದ ಸ್ಟೀಲ್ ಜಾಲಿ ವರ್ಷಗಟ್ಟಲೆ ಬಳಸಿದ ಮೇಲೆ

ಕೆಳಗೆ ತೂತುಗಳಿರುವ ಸ್ಟೀಲ್ ತಗಡು, ಅದರ ಮೇಲೆ ಸುಮಾರು ಒಂದು ಸೆಂ.ಮೀ. ಅಂತರದಲ್ಲಿ ತಂತಿಯ ಜಾಲರಿ, ಪಕ್ಕಕ್ಕೊಂದು ಹಿಡಿ. ಇಷ್ಟೇ ಸಾಮಾನು. ಫುಲ್ಕಾ ಉಬ್ಬಿಸಲು, ಹಪ್ಪಳ ಸುಡಲು ನಮ್ಮ ಊರಿನ ಪಾತ್ರೆ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಜಾಲಿ ಇದು. ಹೊರದೇಶಗಳಲ್ಲಿ ಕ್ಯಾಂಪಿಂಗ್ ಸಾಮಾನಿನ ಅಂಗಡಿಗಳಲ್ಲಿ ಇದನ್ನೇ ಸ್ಟವ್ ಟೋಸ್ಟರ್ ಎಂದು ಮಾರುತ್ತಾರೆ. ಹಾಯಿದೋಣಿಯ ಗ್ಯಾಸ್ ಒಲೆಯ ಮೇಲೆ ಬ್ರೆಡ್ ಟೋಸ್ಟ್ ಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಆ ಮಾತು ಲಂಗರು ಹಾಕಿ ನಿಂತ ದೋಣಿಗೆ ಮಾತ್ರ. ಅಲ್ಲಿ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಲೆಯಲ್ಲಿ ಸಾಗುತ್ತಿರುವ ದೋಣಿಯಲ್ಲಿ ಎರಡಕ್ಕಿಂತ ಹೆಚ್ಚು ಕೊಡಲಾರೆ. ಕಾರಣ ಮುಂದೆ ಇದೆ.

ಇನ್ವರ್ಟರ್ ಹಾಕಿ ಮನೆಯ ಟೋಸ್ಟರನ್ನೇ ಬಳಸಬಾರದೇ ಎಂದು ಹೊಸಬರು ಕೇಳುತ್ತಾರೆ. ಲೆಕ್ಕ ನೋಡಿ. 900 ವ್ಯಾಟ್‌ನ ಟೋಸ್ಟರ್ 12 ವೋಲ್ಟ್ ಬ್ಯಾಟರಿಯಿಂದ 75 ಆಂಪಿಯರ್ ಎಳೆಯುತ್ತದೆ. ಇನ್ವರ್ಟರಿನ ನಷ್ಟ ಸೇರಿದರೆ 85ರ ಹತ್ತಿರ ಹೋಗುತ್ತದೆ. ಮೂರು ನಿಮಿಷಕ್ಕೆ ಖರ್ಚಾಗುವುದು ನಾಲ್ಕು ಆಂಪಿಯರ್-ಅವರ್ ಆಸುಪಾಸು, ಅದು ದೊಡ್ಡ ಮಾತಲ್ಲ. ಕಷ್ಟವಿರುವುದು ಒಮ್ಮೆಲೇ ಹರಿಯುವ ಕರೆಂಟಿನಲ್ಲಿ. ಅದಕ್ಕೆ ದಪ್ಪ ಕೇಬಲ್ ಬೇಕು, ದೊಡ್ಡ ಫ್ಯೂಸ್ ಬೇಕು. ರಾತ್ರಿಯಿಡೀ ಫ್ರಿಜ್ ಓಡಿಸಿದ ಹಳೆಯ ಲೆಡ್-ಆಸಿಡ್ ಬ್ಯಾಟರಿಯಾದರೆ ಬೆಳಿಗ್ಗೆ ವೋಲ್ಟೇಜ್ ಕುಸಿದು ಇನ್ವರ್ಟರ್ ಕೀಂಗುಟ್ಟಿ ನಿಂತುಬಿಡುತ್ತದೆ. ಜೊತೆಗೆ ಉಪ್ಪುಗಾಳಿಗೆ ಟೋಸ್ಟರಿನ ಸ್ಪ್ರಿಂಗು, ಸ್ವಿಚ್ಚು ತುಕ್ಕು ಹಿಡಿಯುತ್ತವೆ, ಒಳಗೆ ಕೂತ ಬ್ರೆಡ್ ಪುಡಿಗೆ ಜಿರಲೆ ಬರುತ್ತದೆ. ದೋಣಿಗೆ ಒಮ್ಮೆ ಹತ್ತಿದ ಜಿರಲೆಯನ್ನು ಓಡಿಸುವುದು ಎಷ್ಟು ಕಷ್ಟ ಎಂದು ದೋಣಿಯಲ್ಲಿ ವಾಸಿಸುವವರಿಗೆ ಹೇಳಬೇಕಿಲ್ಲ.

ಗ್ಯಾಸಿನ ಲೆಕ್ಕ ಹಗುರ. 1.5 ಕಿಲೋವ್ಯಾಟ್‌ನಷ್ಟು ಉರಿಯಲ್ಲಿ ಜಾಲಿ ಕಾಯಿಸಿ ನಾಲ್ಕು ಹೋಳು ಮಾಡಲು ಆರು ನಿಮಿಷ ಸಾಕು, ಖರ್ಚು ಸುಮಾರು 12 ಗ್ರಾಂ. ಯುರೋಪಿನ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾಂಪಿಂಗ್‌ಗ್ಯಾಸ್ 907 ಸಿಲಿಂಡರಿನಲ್ಲಿ 2.75 ಕೆಜಿ ಬ್ಯೂಟೇನ್ ಇರುತ್ತದೆ. ಟೋಸ್ಟ್ ಒಂದಕ್ಕೇ ಬಳಸಿದರೂ ಇನ್ನೂರಕ್ಕೂ ಹೆಚ್ಚು ಬೆಳಗಿನ ತಿಂಡಿ ನಡೆಯುತ್ತದೆ.

ಈಗ ಜಾಲಿ ಕೆಲಸ ಮಾಡುವ ಬಗೆ. ಬ್ರೆಡ್‌ನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ. ಮೇಲ್ಮೈ ಒಣಗುವ ತನಕ ಅಲ್ಲಿನ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಒಣಗಿದ ಮೇಲೆ 140 ಡಿಗ್ರಿಯ ಸುಮಾರಿಗೆ ಹೊಂಬಣ್ಣ ತಿರುಗಲು ಶುರುವಾಗುತ್ತದೆ. 200 ದಾಟಿದರೆ ಸೀದು ಕಹಿಯಾಗುತ್ತದೆ. ಹೊಂಬಣ್ಣಕ್ಕೂ ಸೀಯುವುದಕ್ಕೂ ನಡುವಿನ ಜಾಗ ಕಿರಿದು. ಬರಿಯ ಜಾಲರಿಯನ್ನು ಬರ್ನರ್ ಮೇಲಿಟ್ಟರೆ ಉರಿಯ ನಾಲಿಗೆ ತಾಗಿದ ಕಡೆ ಕಪ್ಪು ಚುಕ್ಕೆ ಬೀಳುತ್ತದೆ, ಪಕ್ಕದಲ್ಲಿ ಬಿಳಿ ಉಳಿಯುತ್ತದೆ. ಕೆಳಗಿನ ತೂತುತಗಡು ಉರಿಯನ್ನು ತಡೆದು, ತಾನೇ ಕಾದು, ಅಗಲವಾಗಿ ಕಾವು ಚೆಲ್ಲುತ್ತದೆ. ನಡುವಿನ ಒಂದು ಸೆಂ.ಮೀ. ಗಾಳಿಯ ಪದರದಿಂದಾಗಿ ಬ್ರೆಡ್ ಬಿಟ್ಟ ಹಬೆ ಪಕ್ಕದಿಂದ ಹೊರಗೆ ಹೋಗುತ್ತದೆ. ತವಾದಲ್ಲಿ ಇದು ಆಗುವುದಿಲ್ಲ. ಹಬೆ ಬ್ರೆಡ್‌ನ ಅಡಿಯಲ್ಲೇ ಸಿಕ್ಕಿಕೊಂಡು, ಮೇಲೆ ಬಣ್ಣ ಬಂದರೂ ಒಳಗೆ ಚರ್ಮದಂತೆ ಜಗಿಯುವ ಟೋಸ್ಟ್ ಬರುತ್ತದೆ.

ಮಾಡುವ ಕ್ರಮ ಹೀಗೆ. ದೊಡ್ಡ ಬರ್ನರನ್ನೇ ಆರಿಸಿ, ಉರಿ ಸಣ್ಣದಿರಲಿ. ಚಿಕ್ಕ ಬರ್ನರಿನ ಉಂಗುರ ಕಿರಿದಾದ್ದರಿಂದ ಬ್ರೆಡ್‌ನ ನಡುವೆ ರೂಪಾಯಿಯಗಲ ಸೀದು ಅಂಚು ಹಾಗೇ ಉಳಿಯುತ್ತದೆ. ಖಾಲಿ ಜಾಲಿಯನ್ನು ಒಂದೂವರೆ ನಿಮಿಷ ಕಾಯಿಸಿ. ತಗಡಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಉರುಳಾಡಿ ಆವಿಯಾಗಬೇಕು, ಚುಸ್ಸೆಂದು ಅಲ್ಲೇ ಹರಡಿಕೊಂಡರೆ ಇನ್ನೂ ಕಾಯಬೇಕು. ಉರಿಯ ನೀಲಿ ತುದಿ ತೂತುಗಳಿಂದ ಮೇಲಕ್ಕೆ ಇಣುಕಬಾರದು. ಇಣುಕಿದರೆ ಉರಿ ತಗ್ಗಿಸಿ. 12 ಮಿ.ಮೀ. ದಪ್ಪದ ಹೋಳುಗಳನ್ನು ಎರಡೆರಡಾಗಿ ಇಟ್ಟು, ಅರ್ಧ ನಿಮಿಷವಾದ ಮೇಲೆ ಪ್ರತಿ ಹೋಳನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ, ಒಳಗಿದ್ದ ಅಂಚು ಹೊರಗೆ ಬರಲಿ. ಈ ಒಂದು ತಿರುಗಿಸುವಿಕೆಯಿಂದಲೇ ಬಣ್ಣ ಸಮವಾಗುತ್ತದೆ. ಮೊದಲ ಮಗ್ಗುಲಿಗೆ 70ರಿಂದ 90 ಸೆಕೆಂಡ್. ಮಗುಚಿದ ಮೇಲೆ ಬ್ರೆಡ್ ಆಗಲೇ ಬಿಸಿಯಾಗಿರುತ್ತದೆ, ಎರಡನೇ ಮಗ್ಗುಲಿಗೆ 40–50 ಸೆಕೆಂಡ್ ಸಾಕು. ಎರಡು ಮಗ್ಗುಲಿಗೂ ಒಂದೇ ಸಮಯ ಕೊಡುವವರ ಟೋಸ್ಟ್ ಯಾವಾಗಲೂ ಒಂದು ಕಡೆ ಸೀದಿರುತ್ತದೆ. ಎರಡನೇ ಸುತ್ತಿನ ಹೊತ್ತಿಗೆ ತಗಡು ಇನ್ನಷ್ಟು ಕಾದಿರುವುದರಿಂದ ಉರಿಯನ್ನು ಒಂದು ಹದ ಇಳಿಸಬೇಕು. ಇಕ್ಕಳ ಉದ್ದದ್ದೇ ಇರಲಿ, ಬೆರಳು ಬೇಡ.

ತೆಗೆದ ಟೋಸ್ಟನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ಎರಡು ಹೋಳುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ದೋಣಿಯೊಳಗಿನ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು, ಅದರ ಮೇಲೆ ಎಲ್‌ಪಿಜಿ ಉರಿದಾಗ ಅದರ ತೂಕದ ಒಂದೂವರೆ ಪಟ್ಟಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಹ್ಯಾಚ್ (ಮೇಲ್ಛಾವಣಿಯ ಕಿಂಡಿಬಾಗಿಲು) ತೆರೆದಿಟ್ಟರೆ ಟೋಸ್ಟೂ ಗರಿಯಾಗಿರುತ್ತದೆ, ಗಾಜಿನ ಮೇಲೆ ಬೆವರೂ ಕೂರುವುದಿಲ್ಲ.

ಬ್ರೆಡ್ ಯಾವುದು ಎಂಬುದೂ ಮುಖ್ಯ. ಒಂದು ದಿನ ಹಳೆಯದಾದ, ಸಕ್ಕರೆ ಕಡಿಮೆಯಿರುವ ಬ್ರೆಡ್ ಈ ಜಾಲಿಗೆ ಹೇಳಿಮಾಡಿಸಿದ್ದು. ಅಯ್ಯಂಗಾರ್ ಬೇಕರಿಯ ಬ್ರೆಡ್‌ನಂಥ ಮೃದುವಾದ, ತುಸು ಸಿಹಿಯಾದ ಹಾಲಿನ ಬ್ರೆಡ್ ಬೇಗ ಕೆಂಪಾಗುತ್ತದೆ, ಅದಕ್ಕೆ ಉರಿಯೂ ಸಮಯವೂ ಕಾಲುಭಾಗ ಕಡಿಮೆ ಮಾಡಿ. ದೋಣಿಯಲ್ಲೇ ಪ್ರೆಶರ್ ಕುಕ್ಕರಿನಲ್ಲೋ ಒಲೆಯ ಮೇಲಿಡುವ ಒಮ್ನಿಯಾ ಓವನ್ನಿನಲ್ಲೋ ಸುಟ್ಟ ಬ್ರೆಡ್‌ನಲ್ಲಿ ತೇವ ಹೆಚ್ಚಿರುತ್ತದೆ, ಅದನ್ನು 15 ಮಿ.ಮೀ. ದಪ್ಪಕ್ಕೆ ಕೊಯ್ದು ಸಣ್ಣ ಉರಿಯಲ್ಲಿ ನಿಧಾನವಾಗಿ ಒಣಗಿಸಿ. ಬೂಷ್ಟು ಹಿಡಿದ ಬ್ರೆಡ್‌ನ ಆ ಭಾಗವನ್ನಷ್ಟೇ ಕಿತ್ತು ಉಳಿದದ್ದನ್ನು ಸುಟ್ಟು ತಿನ್ನುವ ಅಭ್ಯಾಸ ಕೆಲವರಲ್ಲಿದೆ. ಬೇಡ. ಬೂಷ್ಟಿನ ಎಳೆ ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತದೆ, ಅದು ಬಿಟ್ಟ ವಿಷ ಟೋಸ್ಟಿನ ಕಾವಿಗೆ ಹೋಗುತ್ತದೆಂದು ನಂಬಲಾಗದು. ಬೆಣ್ಣೆಯನ್ನು ಜಾಲಿಯ ಮೇಲಿದ್ದಾಗ ಸವರಲೇಬೇಡಿ. ಅದು ತೊಟ್ಟಿಕ್ಕಿ ತಗಡಿನ ಮೇಲೆ ಹೊಗೆಯೆಬ್ಬಿಸುತ್ತದೆ, ಬರ್ನರಿಗೆ ಬಿದ್ದರೆ ಹತ್ತಿಕೊಳ್ಳುತ್ತದೆ. ಉಷ್ಣವಲಯದ ಕಡಲಲ್ಲಿ ಬೆಣ್ಣೆ ಹೇಗೂ ನೀರಾಗಿರುತ್ತದೆ. ತುಪ್ಪ, ಮೇಲಿಷ್ಟು ಚಟ್ನಿಪುಡಿ ನನ್ನ ಆಯ್ಕೆ. ಫ್ರಿಜ್ಜಿನ ಹಂಗಿಲ್ಲದೆ ತಿಂಗಳುಗಟ್ಟಲೆ ಇರುತ್ತವೆ.

ಇನ್ನು ದೋಣಿ ಸಾಗುತ್ತಿರುವಾಗಿನ ಮಾತು. ಹಾಯಿದೋಣಿಯ ಸ್ಟವ್ ಗಿಂಬಲ್ ಎಂಬ ತಿರುಗುಕೀಲುಗಳ ಮೇಲೆ ತೂಗುತ್ತದೆ, ದೋಣಿ ಪಕ್ಕಕ್ಕೆ ವಾಲಿದರೂ ಒಲೆ ಮಟ್ಟವಾಗಿರುತ್ತದೆ. ಆದರೆ ಗಿಂಬಲ್ ತೂಗುವುದು ಒಂದೇ ದಿಕ್ಕಿನಲ್ಲಿ. ಮೂತಿ ಅಲೆಯಿಂದ ಧಪ್ಪೆಂದು ಇಳಿದಾಗ ಅದು ಏನನ್ನೂ ಕಾಯುವುದಿಲ್ಲ. ಒಲೆಯ ಸುತ್ತಲಿನ ಕಂಬಿ ಮತ್ತು ಪಾತ್ರೆ ಹಿಡಿಯುವ ಕ್ಲ್ಯಾಂಪುಗಳು ದುಂಡನೆಯ ಎತ್ತರದ ಪಾತ್ರೆಗೆ ಮಾಡಿದವು. ಚೌಕಾಕಾರದ ಚಪ್ಪಟೆ ಜಾಲಿ ಅವುಗಳ ಕೆಳಗೇ ಜಾರುತ್ತದೆ. ಜಾಲಿಯ ಎರಡು ಎದುರು ಮೂಲೆಗಳನ್ನು 1.5 ಮಿ.ಮೀ. ಸ್ಟೀಲ್ ತಂತಿಯಿಂದ ಒಲೆಯ ಕಂಬಿಗೆ ಬಿಗಿದರೆ ಜಾಲಿ ನಿಲ್ಲುತ್ತದೆ, ಬ್ರೆಡ್ ನಿಲ್ಲುವುದಿಲ್ಲ. ಒಂದು ಹೋಳು ಜಾರಿ ಬರ್ನರಿನ ಪಕ್ಕಕ್ಕೆ ಬಿದ್ದು ಹತ್ತಿಕೊಂಡರೆ, ತೂಗಾಡುವ ಒಲೆಯ ಸಂದಿಗೆ ಕೈಹಾಕಿ ತೆಗೆಯಬೇಕು. ಅದು ಮಾಡುವ ಕೆಲಸವಲ್ಲ. ಸಾಗುವಾಗ ಎತ್ತರದ ಅಂಚಿನ ದಪ್ಪ ತಳದ ಬಾಣಲೆಯನ್ನು ಕ್ಲ್ಯಾಂಪಿನಲ್ಲಿ ಬಿಗಿದು ಅದರಲ್ಲೇ ಬ್ರೆಡ್ ಒಣಹುರಿಯಿರಿ. ಮುಚ್ಚಳ ಹಾಕಬೇಡಿ, ಹಬೆ ನಿಂತು ಬ್ರೆಡ್ ಒದ್ದೆಯಾಗುತ್ತದೆ. ನಾನ್‌ಸ್ಟಿಕ್ ಬಾಣಲೆ ಈ ಕೆಲಸಕ್ಕೆ ಬೇಡ. ಖಾಲಿ ಕಾಯಿಸಿದಾಗ 260 ಡಿಗ್ರಿ ದಾಟುವುದು ಸುಲಭ, ಅಲ್ಲಿಂದ ಮೇಲೆ ಅದರ ಲೇಪ ಕೆಡಲು ತೊಡಗಿ ಹೊಗೆ ಬಿಡುತ್ತದೆ.

ಇನ್ನೊಂದು ದಾರಿ, ಎರಡು ಹೋಳಾಗಿ ಮುಚ್ಚುವ ಅಲ್ಯೂಮಿನಿಯಂ ಗ್ಯಾಸ್ ಟೋಸ್ಟರ್. ಬ್ರೆಡ್ ಒಳಗೆ ಬಂದಿಯಾಗಿರುವುದರಿಂದ ಅಲೆಯಲ್ಲಿ ಇದೇ ಎಲ್ಲಕ್ಕಿಂತ ಸುರಕ್ಷಿತ, ಪಲ್ಯ ತುಂಬಿದ ಸ್ಯಾಂಡ್‌ವಿಚ್‌ಗೆ ಬಹಳ ಚೆನ್ನ. ಬರಿಯ ಟೋಸ್ಟ್ ಮಾತ್ರ ಹಬೆಯಲ್ಲಿ ಬೆಂದಂತಾಗುತ್ತದೆ. ಉಪ್ಪುನೀರು ತಾಗಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದು ಸಣ್ಣ ಗುಳಿಗಳು ಬೀಳುತ್ತವೆ, ಅಲ್ಲಿ ಬ್ರೆಡ್ ಅಂಟುತ್ತದೆ. ನಾಲ್ಕು ಹೋಳುಗಳನ್ನು ಸುತ್ತ ಒರಗಿಸುವ ಮಡಚು ಪಿರಮಿಡ್ ಟೋಸ್ಟರ್ ನೋಡಲು ಚೆಂದ, ಇಡಲು ಜಾಗವೂ ಕಡಿಮೆ. ಆದರೆ ಬ್ರೆಡ್‌ನ ಬುಡ ಸೀಯುತ್ತದೆ, ನೆತ್ತಿ ಬೆಳ್ಳಗಿರುತ್ತದೆ. ನಡುವೆ ತಲೆಕೆಳಗು ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಗ್ರಿಲ್ ಇರುವ ದೋಣಿ ಒಲೆಯವರು ಗ್ರಿಲ್ಲನ್ನೇ ಬಳಸಬಹುದು, ಬಣ್ಣ ಸಮವಾಗಿ ಬರುತ್ತದೆ. ಗ್ಯಾಸ್ ಹೆಚ್ಚು ತಿನ್ನುತ್ತದೆ, ಬೇಸಿಗೆಯಲ್ಲಿ ಕ್ಯಾಬಿನ್ ಕುಲುಮೆಯಾಗುತ್ತದೆ. ಸ್ಪಿರಿಟ್ ಒಲೆ ಅಥವಾ ಸೀಮೆಎಣ್ಣೆ ಒಲೆಯವರು ಜಾಲಿಯ ಕಡೆ ಹೋಗದೆ ಬಾಣಲೆಯಲ್ಲೇ ಮಾಡಲಿ. ತೂತುಗಳಿಂದ ಬಂದ ವಾಸನೆಯನ್ನು ಬ್ರೆಡ್ ಹೀರಿಕೊಳ್ಳುತ್ತದೆ.

ಬಾಳಿಕೆಯ ವಿಷಯ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ತಗಡು ಕಾದಾಗ ಮೊದಲು ಹೊಂಬಣ್ಣ, ಆಮೇಲೆ ನೇರಳೆ-ನೀಲಿ ಛಾಯೆ ಬರುತ್ತದಲ್ಲ, ಆ ಪದರದ ಕೆಳಗೆ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಲೇ ಕಚ್ಚುತ್ತದೆ. ತೂತುಗಳ ಅಂಚಿನಲ್ಲಿ ಕಂದು ಚುಕ್ಕೆ ಏಳುವುದು ಇದರಿಂದ. ಆದ್ದರಿಂದ ಜಾಲಿಯನ್ನು ಸಮುದ್ರದ ನೀರಿನಲ್ಲಿ ತೊಳೆಯಬೇಡಿ. ಒದ್ದೆ ಬಟ್ಟೆಯಲ್ಲಿ ಸಿಹಿನೀರಿನಿಂದ ಒರೆಸಿ, ಆರಿಸಿದ ಒಲೆಯ ಬಿಸಿಯಲ್ಲೇ ಒಣಗಿಸಿ, ಹತ್ತಿಯ ಚೀಲದಲ್ಲಿಡಿ. ಚುಕ್ಕೆ ಎದ್ದಾಗ ನಿಂಬೆಹೋಳಿನಿಂದ ತಿಕ್ಕಿ, ಹತ್ತು ನಿಮಿಷ ಬಿಟ್ಟು ಒರೆಸಿದರೆ ಹೋಗುತ್ತದೆ. ಕಬ್ಬಿಣದ ಉಜ್ಜು ಬೇಡ, ಅದರ ಚೂರು ಸಿಕ್ಕಿಕೊಂಡು ಅದೇ ಹೊಸ ತುಕ್ಕಾಗುತ್ತದೆ. ಇಷ್ಟು ನೋಡಿಕೊಂಡರೂ ಕೊನೆಗೆ ಸೋಲುವುದು ಜಾಲರಿಯ ತಂತಿಗಳು ಕೂಡುವ ಬೆಸುಗೆ ಚುಕ್ಕೆಗಳು. ಮೊದಲು ಮೂಲೆಯ ತಂತಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ತುದಿ ಸೂಜಿಯಂತೆ ಚುಚ್ಚುತ್ತದೆ, ಚೂರು ಮುರಿದು ಬ್ರೆಡ್‌ಗೆ ಸೇರುವ ಅಪಾಯವೂ ಇದೆ. ಒಂದು ಬಿಟ್ಟರೂ ಜಾಲಿ ಬದಲಿಸಿ. ತಗಡು ಬೋಗುಣಿಯಂತೆ ಬಾಗುವುದು ಸಾಮಾನ್ಯ, ಮಗುಚಿ ಇಟ್ಟು ಅಂಗೈಯಲ್ಲಿ ಒತ್ತಿದರೆ ಸರಿಹೋಗುತ್ತದೆ.

ಸುರಕ್ಷತೆಯಲ್ಲಿ ಒಂದು ಅಂಶ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಉರಿ ತಣ್ಣನೆಯ ಲೋಹಕ್ಕೆ ತೀರಾ ಹತ್ತಿರ ಬಡಿದರೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಜಾಲಿ ಬರ್ನರಿನ ಮೇಲೆ ನೇರವಾಗಿ ಕೂರದೆ, ಪಾತ್ರೆ ಇಡುವ ಕಂಬಿಯ ಮೇಲೆ ಕೂರಬೇಕು. ಅದು ಒಲೆಯ ಇಡೀ ಅಗಲ ಮುಚ್ಚುವಷ್ಟು ದೊಡ್ಡದಿರಬಾರದು. ದೊಡ್ಡದಾದರೆ ಗಾಳಿ ಸಿಗದೆ ಉರಿ ಹಳದಿಯಾಗುತ್ತದೆ, ಕೆಳಕ್ಕೆ ಹೊಡೆದ ಕಾವಿಗೆ ಪ್ಲಾಸ್ಟಿಕ್ ಗುಬುಟುಗಳು ಮೆತ್ತಗಾಗುತ್ತವೆ. ಬ್ರಿಟನ್ನಿನ ಒಳನಾಡು ಜಲಮಾರ್ಗಗಳಲ್ಲಿ ವಾಸದ ಕೋಣೆಯಿರುವ ದೋಣಿಗಳಿಗೆ 2019ರ ಏಪ್ರಿಲ್‌ನಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ನಿಯಮ ಇಲ್ಲದ ಕಡೆಯೂ ಹಾಕಿಸಿಕೊಳ್ಳಿ. ಟೋಸ್ಟಿನ ಹೊಗೆಗೆ ಹೊಗೆ ಅಲಾರಂ ಕೂಗುತ್ತದೆಂದು ಬ್ಯಾಟರಿ ಕಿತ್ತಿಡಬೇಡಿ, ಹ್ಯಾಚ್ ತೆರೆಯಿರಿ. ಸೀದ ಬ್ರೆಡ್ ಪುಡಿ ಬರ್ನರಿನ ತೂತಿಗೆ ಸೇರಿದರೂ ಉರಿ ಹಳದಿಯಾಗುತ್ತದೆ, ವಾರಕ್ಕೊಮ್ಮೆ ಬರ್ನರ್ ಮುಚ್ಚಳ ತೆಗೆದು ಒಣ ಬ್ರಷ್‌ನಿಂದ ಉಜ್ಜಿ. ಕೆಲಸ ಮುಗಿದ ಮೇಲೆ ಗ್ಯಾಸನ್ನು ಸಿಲಿಂಡರಿನಲ್ಲೇ ಅಥವಾ ಸೊಲೆನಾಯ್ಡ್ (ವಿದ್ಯುತ್ತಿನಿಂದ ಗ್ಯಾಸ್ ತಡೆಯುವ ಕವಾಟ) ಸ್ವಿಚ್ಚಿನಲ್ಲಿ ನಿಲ್ಲಿಸುವುದು ರೂಢಿಯಾಗಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದ ಬಿಲ್ಜಿಗೆ ಇಳಿದು ಕೂರುತ್ತದೆ, ಕಿಟಕಿ ತೆರೆದರೆ ಹೋಗುವಂಥದ್ದಲ್ಲ.

ಕೊಳ್ಳುವಾಗ ಒಲೆಯ ಕಂಬಿಯ ಅಳತೆ ಒಯ್ಯಿರಿ, ಎರಡು ಹೋಳಿಗೆ 23 ಸೆಂ.ಮೀ. ಚೌಕ ಸಾಕು. ಬೆಸುಗೆ ಚುಕ್ಕೆಗಳನ್ನು ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ನೋಡಿ. ಗ್ಯಾಲ್ವನೈಸ್ ಮಾಡಿದ್ದು ಅಥವಾ ಹೊಳಪಿನ ಲೇಪದ್ದು ಬೇಡ, ಕಾವಿಗೆ ಲೇಪ ಏಳುತ್ತದೆ. ಹಿಡಿ ಮಡಚುವಂತಿರಲಿ, ಇಲ್ಲವಾದರೆ ಓಡಾಡುವ ದಾರಿಗೆ ಚಾಚಿಕೊಂಡು ಮೈಗೆ ತಗುಲುತ್ತದೆ. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. 304 ದರ್ಜೆಯ ಸ್ಟೀಲ್‌ಗೆ ಅದು ಅಂಟುವುದಿಲ್ಲ, ಅಂಟಿದರೂ ಸಡಿಲವಾಗಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಅಗ್ಗದ ದರ್ಜೆ, ಕಡಲಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬೇರೆ ಸಿಗದೆ ಅಂಥದ್ದನ್ನೇ ತಂದಿರಾದರೆ, ಇಡುವ ಕಪಾಟನ್ನು ನೋಡಿ ಆರಿಸಿ. ಎಷ್ಟೋ ದೋಣಿಗಳಲ್ಲಿ ಆಟೋಪೈಲಟ್‌ಗೆ (ದೋಣಿಯನ್ನು ತಾನಾಗಿ ನಡೆಸುವ ಸಾಧನಕ್ಕೆ) ದಿಕ್ಕು ತಿಳಿಸುವ ಫ್ಲಕ್ಸ್‌ಗೇಟ್ ಎಂಬ ಎಲೆಕ್ಟ್ರಾನಿಕ್ ದಿಕ್ಸೂಚಿಯನ್ನು ಕಪಾಟಿನ ಒಳಗೋಡೆಗೇ ಕೂರಿಸಿರುತ್ತಾರೆ. ಪಕ್ಕದಲ್ಲಿ ಕಬ್ಬಿಣದ ಗುಣದ ಸಾಮಾನು ಬಂದು ಕೂತರೆ ದಿಕ್ಸೂಚಿ ತಪ್ಪು ತೋರಿಸಿ ದೋಣಿ ಹಿಡಿದ ದಾರಿಯೇ ಕೆಲವು ಡಿಗ್ರಿ ಬೇರೆಯಾಗುತ್ತದೆ.